ಕಾರವಾರದಿಂದ ಮುಂಬೈಗೆ: ದಾಬೋಲಿಮ್ ಒಳ್ಳೆಯದೋ, ಮೋಪಾನೋ?

ಪ್ರಶ್ನೆ: ನಮ್ಮನೆ ಕೋಡಿಬಾಗದಲ್ಲಿ. ಆಯಿಯನ್ನು ಮುಂಬೈಗೆ, ತಂಗಿ ಮನೆಗೆ ಕರೆದುಕೊಂಡು ಹೋಗಬೇಕು. ಮಂಡಿನೋವು, ಜಾಸ್ತಿ ಹೊತ್ತು ಕಾಲು ಮಡಚಿ ಕೂರಲು ಆಗುವುದಿಲ್ಲ. ಗೋವಾದ ಎರಡು ವಿಮಾನ ನಿಲ್ದಾಣಗಳಲ್ಲಿ ದಾಬೋಲಿಮ್‌ಗಿಂತ ಮೋಪಾ ಟಿಕೆಟ್ ಸ್ವಲ್ಪ ಅಗ್ಗ ಕಾಣುತ್ತಿದೆ. ಯಾವುದು ಮಾಡಲಿ?

ಉತ್ತರ: ದಾಬೋಲಿಮ್ ಮಾಡಿ ಅಣ್ಣಾ. ಮುಂಬೈಗೆ ಅಲ್ಲಿಂದ ನೇರ ಅಂತರ ಸುಮಾರು 425 ಕಿ.ಮೀ., ಮೋಪಾದಿಂದ 385. ವಿಮಾನದಲ್ಲಿ ಆ 40 ಕಿ.ಮೀ. ಐದು ನಿಮಿಷದ ಮಾತು. ಎರಡೂ ಕಡೆಯಿಂದ ಸುಮಾರು ಒಂದೂಕಾಲು ಗಂಟೆ ಅಷ್ಟೇ. ಕಷ್ಟ ಇರುವುದು ರಸ್ತೆಯಲ್ಲಿ. ಮೋಪಾ ಗೋವಾದ ಉತ್ತರ ತುದಿ, ಮಡಗಾಂವ್, ಪಣಜಿ ಎರಡನ್ನೂ ದಾಟಬೇಕು. ಆಯಿಗೆ ಅದು ಸುಮ್ನೆ ಹಿಂಸೆ.

ಇನ್ನೊಬ್ಬರು: ಹೌದು. ಎಲ್ಲಿಗೆ ಹೋದರೂ ದಾಟಬೇಕಾದ, ಕಾಣಕೋಣ ಆಚೆಯ ಕರ್ಮಲ್ ಘಾಟ್ ತಿರುವುಗಳೇ ಸಾಕು. ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡುವಾಗಲೇ ಹೇಳಿಬಿಡಿ.

ಮತ್ತೊಬ್ಬರು: ಮತ್ಸ್ಯಗಂಧ ರೈಲಿನಲ್ಲಿ ಕೆಳಗಿನ ಬರ್ತ್ ಸಿಕ್ಕರೆ ರಾತ್ರಿ ಕಾಲು ಚಾಚಿ ಮಲಗಬಹುದು, ಅಲ್ವಾ?