ಮೆನ್‌ಹಿರ್: ಪ್ರೆಸಿಡೆನ್ಸ್ ಕೊಟ್ಟರೂ ಶಿಫ್ಟ್/ರೆಡ್ಯೂಸ್ ಕಾನ್‌ಫ್ಲಿಕ್ಟ್ ಹೋಗುತ್ತಿಲ್ಲ

ಬದಿಯಡ್ಕದವ:
ಅಡಿಕೆ ಅಂಗಡಿಯ ಲೆಕ್ಕದ ಸಾಲು ಓದುವ ಸಣ್ಣ ಪ್ರೋಗ್ರಾಮನ್ನು ಓಕ್ಯಾಮಲ್ ಭಾಷೆಯಲ್ಲಿ ಬರೆಯುತ್ತಿದ್ದೇನೆ; ವ್ಯಾಕರಣ ಕೊಟ್ಟರೆ ಸಾಲು ಬಿಡಿಸುವ ಕೋಡನ್ನು ಮೆನ್‌ಹಿರ್ ತಯಾರಿಸುತ್ತದೆ. ಸಾಲು ಹೀಗಿರುತ್ತದೆ: ಪಟೋರ = ೪೨ * ೨೯೦ - ೫೦೦ (ಪಟೋರ ಅಡಿಕೆಯ ಒಂದು ಬಗೆ). ವ್ಯಾಕರಣದಲ್ಲಿ "ಎಕ್ಸ್‌ಪ್ರ್ ಆಪ್ ಎಕ್ಸ್‌ಪ್ರ್" ಎಂಬ ಒಂದೇ ನಿಯಮ. ಆಪ್ ಎಂದರೆ ಪ್ಲಸ್, ಮೈನಸ್ ಅಥವಾ ಸ್ಟಾರ್. ಪ್ರೆಸಿಡೆನ್ಸ್ (ಯಾವುದನ್ನು ಮೊದಲು ಲೆಕ್ಕ ಹಾಕಬೇಕೆಂಬ ಆದ್ಯತೆ) ತಿಳಿಸಲು ಪ್ಲಸ್, ಮೈನಸ್‌ಗೆ ಒಂದು %ಲೆಫ್ಟ್ ಸಾಲು, ಅದರ ಕೆಳಗೆ ಸ್ಟಾರ್‌ಗೆ ಇನ್ನೊಂದು ಕೊಟ್ಟಿದ್ದೇನೆ. ಆದರೂ ಶಿಫ್ಟ್/ರೆಡ್ಯೂಸ್ ಕಾನ್‌ಫ್ಲಿಕ್ಟ್ (ಮುಂದಿನದನ್ನು ಓದುವುದೋ, ಓದಿದ್ದನ್ನು ಒಟ್ಟುಗೂಡಿಸುವುದೋ ಎಂಬ ಗೊಂದಲ) ಎಚ್ಚರಿಕೆ, ಆ ಪ್ರೆಸಿಡೆನ್ಸ್‌ಗಳಿಂದ ಉಪಯೋಗವೇ ಇಲ್ಲವೆಂಬ ಎಚ್ಚರಿಕೆ ಎರಡೂ ಬರುತ್ತವೆ. ಉತ್ತರ 11680 ಬರಬೇಕಾದಲ್ಲಿ -8820. ಸಾಲನ್ನು ಟೋಕನ್‌ಗಳಾಗಿ (ಹೆಸರು, ಅಂಕಿ, ಚಿಹ್ನೆಯಂಥ ತುಣುಕುಗಳಾಗಿ) ಕತ್ತರಿಸುವ ಲೆಕ್ಸರನ್ನು ತಯಾರಿಸುವ ಓಕ್ಯಾಮಲ್‌ಲೆಕ್ಸ್ ಕೂಡ 'ಅ'-'ಹ' ಎಂದು ಬರೆದರೆ ಒಪ್ಪುವುದಿಲ್ಲ. ತಿಳಿದವರು ಹೇಳಿ.

ಮಂಜೇಶ್ವರ ಕಡಲು:
ಆಪ್ ನಿಯಮದ ಮುಂದೆ %ಇನ್‌ಲೈನ್ ಹಾಕಿ, ಸರಿಯಾಗುತ್ತದೆ. ಮೆನ್‌ಹಿರ್ ಒಂದು ನಿಯಮದ ಪ್ರೆಸಿಡೆನ್ಸನ್ನು ಅದರಲ್ಲಿರುವ ಕೊನೆಯ ಟೋಕನ್‌ನಿಂದ ತೆಗೆದುಕೊಳ್ಳುತ್ತದೆ. ನಿಮ್ಮ ನಿಯಮದಲ್ಲಿ ಟೋಕನ್ ಇಲ್ಲವೇ ಇಲ್ಲ, ಆಪ್ ಎಂಬುದು ಇನ್ನೊಂದು ನಿಯಮದ ಹೆಸರು ಮಾತ್ರ. ಹೋಲಿಸಲು ಏನೂ ಸಿಗದೆ ಅದು ಶಿಫ್ಟನ್ನೇ ಆರಿಸಿತು, ಹಾಗಾಗಿ 42 * (290 - 500) ಆಯಿತು. %ಇನ್‌ಲೈನ್ ಹಾಕಿದಾಗ ಮೂರು ಟೋಕನ್‌ಗೆ ಮೂರು ಪ್ರತ್ಯೇಕ ನಿಯಮ ಹುಟ್ಟಿ %ಲೆಫ್ಟ್ ಸಾಲುಗಳು ಕೆಲಸಕ್ಕೆ ಬರುತ್ತವೆ. ಕೆಳಗಿನ ಸಾಲಿನದು ಹೆಚ್ಚು ಬಿಗಿ. ನಿಮ್ಮ ಕ್ರಮ ಸರಿಯೇ ಇದೆ.

ಮುಂದೆಯೂ ಕಾನ್‌ಫ್ಲಿಕ್ಟ್ ಬಂದರೆ ಊಹಿಸುತ್ತಾ ಕೂರಬೇಡಿ. --ಎಕ್ಸ್‌ಪ್ಲೇನ್ ಕೊಟ್ಟು ಓಡಿಸಿ; .ಕಾನ್‌ಫ್ಲಿಕ್ಟ್ಸ್ ಫೈಲ್‌ನಲ್ಲಿ ಯಾವ ಟೋಕನ್ ಸಾಲಿಗೆ ಎರಡು ಮರ (ಸಾಲಿನ ರಚನೆಯ ಚಿತ್ರ) ಬೆಳೆಯುತ್ತವೆ ಎಂದು ಬಿಡಿಸಿ ತೋರಿಸುತ್ತದೆ. ಡ್ಯೂನ್ (ಓಕ್ಯಾಮಲ್‌ನ ಬಿಲ್ಡ್ ಉಪಕರಣ) ಬಳಸುವವರು ಅದನ್ನು _ಬಿಲ್ಡ್/ಡಿಫಾಲ್ಟ್ ಒಳಗೆ ಹುಡುಕಬೇಕು. --ಇಂಟರ್‌ಪ್ರೆಟ್ ಜೊತೆಗೆ --ಇಂಟರ್‌ಪ್ರೆಟ್-ಶೋ-ಸಿಎಸ್‌ಟಿ ಕೊಟ್ಟರೆ ಲೆಕ್ಸರ್ ಇಲ್ಲದೆಯೇ "ಇಂಟ್ ಸ್ಟಾರ್ ಇಂಟ್ ಮೈನಸ್ ಇಂಟ್ ಇಒಎಫ್" ಎಂದು ಟೋಕನ್ ಹೆಸರು (ಇಂಟ್ ಎಂದರೆ ಸಂಖ್ಯೆ, ಇಒಎಫ್ ಎಂದರೆ ಕೊನೆ) ಟೈಪ್ ಮಾಡಿ ಮರ ನೋಡಬಹುದು. ವ್ಯಾಕರಣ ತಿದ್ದುವಾಗ ಇದರಷ್ಟು ಉಪಕಾರದ್ದು ಬೇರೆ ಇಲ್ಲ.

ನೀರ್ಚಾಲು ತೋಟ:
ಲೆಕ್ಸರ್ ವಿಷಯ. ಓಕ್ಯಾಮಲ್‌ಲೆಕ್ಸ್ ನೋಡುವುದು ಬೈಟ್‌ಗಳನ್ನು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ಕೋಟ್ ಒಳಗೆ "ಪಟೋರ" ಎಂದು ಇಡೀ ಪದ ಬರೆದರೆ ನಡೆಯುತ್ತದೆ, 'ಅ'-'ಹ' ನಡೆಯುವುದಿಲ್ಲ. ಅಂಕಿಗೆ '\224' '\179' ['\166'-'\175'] ಎಂದು ಬರೆಯಿರಿ. ಅಕ್ಷರಕ್ಕೆ ಎರಡು ಕವಲು: '\224' '\178' ['\128'-'\191'], ಮತ್ತು '\224' '\179' ['\128'-'\165']. ಎರಡನೆಯದನ್ನು 165ಕ್ಕೇ ನಿಲ್ಲಿಸಿ. 191ರ ತನಕ ಬಿಟ್ಟರೆ ಅಂಕಿಯೂ ಅಕ್ಷರವಾಗಿ, "೪೨ಕಿಲೋ" ಇಡಿಯಾಗಿ ಒಂದು ಹೆಸರೆಂದು ನುಂಗಿಹೋಗುತ್ತದೆ. ಅತಿ ಉದ್ದದ ಹೊಂದಿಕೆಯೇ ಗೆಲ್ಲುವುದು ಅಲ್ಲಿನ ಕ್ರಮ. ಪದದ ನಡುವೆ ಕೆಲವೊಮ್ಮೆ ಅಕ್ಷರ ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ ಇರುತ್ತದೆ, ಅದಕ್ಕೆ '\226' '\128' '\140' ಸೇರಿಸಿ.

ಇಂಟ್_ಆಫ್_ಸ್ಟ್ರಿಂಗ್ ಕನ್ನಡ ಅಂಕಿ ಓದದು, ಫೇಲ್ಯೂರ್ ಎಸೆಯುತ್ತದೆ. ಪ್ರತಿ ಮೂರನೇ ಬೈಟ್‌ನಿಂದ 166 ಕಳೆದು ಸಂಖ್ಯೆ ಕಟ್ಟಿಕೊಳ್ಳಿ. ತಪ್ಪು ತೋರಿಸುವ ಕಾಲಮ್ ಕೂಡ ಬೈಟ್ ಲೆಕ್ಕದ್ದು, ಕನ್ನಡ ಸಾಲಿನಲ್ಲಿ ಎಲ್ಲೋ ದೂರ ಬೆರಳು ತೋರಿಸುತ್ತದೆ. ಇದು ಬೇಡವೆಂದರೆ ಸೆಡ್‌ಲೆಕ್ಸ್ ಎಂಬ ಇನ್ನೊಂದು ಲೆಕ್ಸರ್ ಉಪಕರಣಕ್ಕೆ ಹೋಗಿ, ಅದು ಯೂನಿಕೋಡ್ ಸಂಕೇತವನ್ನೇ ಎಣಿಸುತ್ತದೆ. ಮೆನ್‌ಹಿರ್‌ಗೆ ಜೋಡಿಸಲು ಮೆನ್‌ಹಿರ್‌ಲಿಬ್ ಎಂಬ ಅದರ ಲೈಬ್ರರಿಯ ಕನ್ವರ್ಟ್ ಮಾಡ್ಯೂಲ್ ಬೇಕು.

ಮಂಜೇಶ್ವರ ಕಡಲು:
ಒಂದು ಬಿಟ್ಟುಹೋಯಿತು. %ಸ್ಟಾರ್ಟ್ (ಆರಂಭದ) ನಿಯಮದ ಕೊನೆಗೆ ಇಒಎಫ್ ಇದೆಯೋ ನೋಡಿ. ಇಲ್ಲದಿದ್ದರೆ ೨೯೦ ಮುಗಿದ ಮೇಲೆ ನಿಲ್ಲುವುದೋ ಮುಂದಿನ ಟೋಕನ್ ಕೇಳುವುದೋ ತಿಳಿಯದೆ ಎಂಡ್-ಆಫ್-ಸ್ಟ್ರೀಮ್ ಕಾನ್‌ಫ್ಲಿಕ್ಟ್ ಬರುತ್ತದೆ.

ಬದಿಯಡ್ಕದವ:
%ಇನ್‌ಲೈನ್ ಹಾಕಿದೆ, ಎರಡೂ ಎಚ್ಚರಿಕೆ ಹೋದವು, 11680 ಬಂತು. ಇಒಎಫ್ ಇದೆ. ಇಬ್ಬರಿಗೂ ಉಪಕಾರ ಮಾರಾಯ್ರೆ.