ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ. ಅಡಿಕೆ ಸುಲಿಯುವುದರಿಂದಲೇ ಇರಬಹುದಾ?

ಸಾಗರದ ಕಡೆಯವಳು:

ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ. ಸಾಗರ ತಾಲ್ಲೂಕಿನ ಒಂದು ಹಳ್ಳಿ. ಈ ಸಲ ಅಡಿಕೆ ಕೊಯ್ಲು ಶುರುವಾದ ಮೇಲೆ ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತಿದೆ. ಮಲಗುವಾಗ ಏನೂ ಇರುವುದಿಲ್ಲ. ಎರಡು, ಮೂರು ಗಂಟೆ ಹೊತ್ತಿಗೆ ಬಲಗೈ ನನ್ನದೇ ಅಲ್ಲ ಅನ್ನಿಸುತ್ತದೆ. ಬೆರಳೆಲ್ಲ ಊದಿಕೊಂಡಿವೆ ಅನ್ನಿಸುತ್ತದೆ, ಲೈಟ್ ಹಾಕಿ ನೋಡಿದರೆ ಊತ ಏನೂ ಇಲ್ಲ. ಎದ್ದು ಕೂತು ಜೋರಾಗಿ ಕೊಡವಿದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಮಂಚದಿಂದ ಕೈ ಕೆಳಗೆ ಇಳಿಬಿಟ್ಟರೂ ಹಿತ. ಮತ್ತೆ ಮಲಗಿದರೆ ಬೆಳಗಿನ ಜಾವ ಅದೇ ಕತೆ. ಕೆಲವು ರಾತ್ರಿ ಎಡಗೈಯೂ ಸೇರಿಕೊಳ್ಳುತ್ತದೆ.

ಸುಲಿಯುವವರು ಈಗ ಸಿಗುವುದೇ ಕಷ್ಟ. ಮಿಷನ್ನಿಗೆ ಹಾಕೋಣ ಅಂದರೆ ಅಡಿಕೆಗೆ ಪೆಟ್ಟಾಗುತ್ತದೆ ಅಂತ ನಮ್ಮನೆಯವರು ಒಪ್ಪುವುದಿಲ್ಲ. ಹಾಗಾಗಿ ಸಂಜೆ ಅಡುಗೆ ಮುಗಿಸಿ ನಾನು, ಅತ್ತೆ, ಪಕ್ಕದ ಮನೆಯವರು ಮೆಟ್ಟುಗತ್ತಿ ಹಾಕಿಕೊಂಡು ಕೂತರೆ ಹತ್ತು ಗಂಟೆ ಆಗುತ್ತದೆ. ಸುಲಿಯುವಾಗ ನೋವೇನೂ ಇಲ್ಲ. ಅದಕ್ಕೇ ಇದಕ್ಕೂ ಅದಕ್ಕೂ ಸಂಬಂಧ ಇದೆಯಾ ಅಂತ ಅನುಮಾನ.

ಕಾರಣ ಮಾತ್ರ ತಲೆಗೊಂದು ಹೇಳುತ್ತಾರೆ. ಎದೆ ಮೇಲೆ ಕೈ ಇಟ್ಟುಕೊಂಡು ಮಲಗುತ್ತೀಯ ಅಂತ ಅತ್ತೆ. ರಕ್ತ ಓಡುತ್ತಿಲ್ಲ ಅಂತ ನಮ್ಮನೆಯವರು. ವಾಯು ಅಂತ ಪಕ್ಕದ ಮನೆಯವರು. ಮಗ ಮೊಬೈಲಿನಲ್ಲಿ ಏನೋ ಓದಿ, "ಎಡಗೈಗೂ ಬರುತ್ತೆ ಅಂದ್ರೆ ಹಾರ್ಟ್ ಚೆಕ್ ಮಾಡಿಸಮ್ಮ" ಅಂದ. ಅವತ್ತು ರಾತ್ರಿ ನಿದ್ದೆಯೇ ಇಲ್ಲ. ಪೇಟೆಯ ಒಂದು ಕ್ಲಿನಿಕ್ಕಿಗೆ ಹೋದೆ. ಕೈ ಮುಟ್ಟಿಯೂ ನೋಡದೆ ಇಂಜೆಕ್ಷನ್ ಚುಚ್ಚಿ, ಶಕ್ತಿ ಮಾತ್ರೆ ಬರೆದುಕೊಟ್ಟು ಕಳಿಸಿದರು. ಏನೂ ವ್ಯತ್ಯಾಸ ಆಗಿಲ್ಲ.

ಯಾರಿಗಾದರೂ ಹೀಗೆ ಆಗಿದೆಯಾ? ಯಾವ ಡಾಕ್ಟರ ಹತ್ತಿರ ಹೋಗಬೇಕು?

ರಾಣೆಬೆನ್ನೂರು ರೈಡರ್:

ಅಕ್ಕ, ನರದ ವೀಕ್‌ನೆಸ್ ಇರಬೇಕು. ಮೆಡಿಕಲ್ ಶಾಪಿನಲ್ಲಿ ನರದ ಮಾತ್ರೆ ಅಂತ ಕೇಳಿದರೆ ಕೊಡುತ್ತಾರೆ. ನಮ್ಮ ದೊಡ್ಡಪ್ಪ ದಿನಾ ಎರಡು ನುಂಗುತ್ತಾರೆ. ಟೆನ್ಷನ್ ಮಾಡ್ಕೋಬೇಡಿ.

ಫಿಸಿಯೋ ಟೀಚರ್:

ಮೊದಲು ರೈಡರ್‌ಗೆ ಒಂದು ಮಾತು. ಆ ಮಾತ್ರೆಗಳಲ್ಲಿ ಹೆಚ್ಚಿನವುಗಳಲ್ಲಿ ಬಿ6 ವಿಟಮಿನ್ ಇರುತ್ತದೆ. ಅದನ್ನು ತುಂಬಾ ದಿನ ಜಾಸ್ತಿ ತಗೊಂಡರೆ ಅದರಿಂದಲೇ ನರಕ್ಕೆ ಏಟು ಬಿದ್ದು ಕೈಕಾಲು ಜೋಮು ಹಿಡಿಯುತ್ತದೆ. ದೊಡ್ಡಪ್ಪನವರ ಸ್ಟ್ರಿಪ್ಪಿನ ಹಿಂದೆ ಏನು ಬರೆದಿದೆ, ಎಷ್ಟು ಮಿಲಿಗ್ರಾಂ ಅಂತ ನೋಡಿ, ಡಾಕ್ಟರಿಗೆ ತೋರಿಸಿ.

ಸಾಗರದ ಅಕ್ಕ, ನಾನು ಫಿಸಿಯೋಥೆರಪಿಸ್ಟ್. ಕೈ ನೋಡದೆ ಕಾಯಿಲೆಯ ಹೆಸರು ಹೇಳುವುದಿಲ್ಲ. ಆದರೆ ನೀವು ಬರೆದಿದ್ದರಲ್ಲಿ ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ಜೋಮು ಹಿಡಿಯುವುದು ಯಾವ ಬೆರಳಿಗೆ? "ಇಡೀ ಕೈ" ಅಂತಲೇ ಎಲ್ಲರೂ ಹೇಳುತ್ತಾರೆ. ಸರಿಯಾಗಿ ನೋಡಿದರೆ ಇಡೀ ಕೈ ಆಗಿರುವುದು ಕಮ್ಮಿ.

ಹೀಗೆ ಮಾಡಿ. ದೇವರ ಮನೆಯಿಂದ ಒಂದು ಹೂಬತ್ತಿ ತಂದು ದಿಂಬಿನ ಪಕ್ಕ ಇಟ್ಟುಕೊಳ್ಳಿ. ಎಣ್ಣೆ ತಾಗದ್ದು ಇರಲಿ. ಹಗಲಲ್ಲಿ ಏನೂ ಗೊತ್ತಾಗದೇ ಇರಬಹುದು, ಅದಕ್ಕೆ ರಾತ್ರಿ ಎಚ್ಚರವಾದ ಕೂಡಲೇ, ಕೊಡವುವ ಮೊದಲೇ, ಬತ್ತಿಯ ತುದಿಯಿಂದ ಒಂದೊಂದೇ ಬೆರಳನ್ನು ಮೆಲ್ಲಗೆ ಸವರಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮಂದ ಇದ್ದು ಕಿರುಬೆರಳು ಚೆನ್ನಾಗಿದೆಯಾ? ಉಂಗುರ ಬೆರಳಿಗೆ ಬಂದಾಗ ನಿಧಾನ ಮಾಡಿ. ಅದರ ಎರಡು ಮಗ್ಗುಲನ್ನೂ ಬೇರೆ ಬೇರೆಯಾಗಿ ಸವರಿ. ನಡುಬೆರಳಿನ ಕಡೆಯ ಅರ್ಧ ಮಂದ, ಕಿರುಬೆರಳಿನ ಕಡೆಯ ಅರ್ಧ ಸರಿ ಅಂತಾದರೆ ಆ ಒಂದೇ ಬೆರಳು ಅರ್ಧ ಉತ್ತರ ಹೇಳಿದ ಹಾಗೆ.

ಯಾಕೆಂದರೆ ಅಷ್ಟು ಬೆರಳಿಗೆ ಹೋಗುವುದು ಮೀಡಿಯನ್ ನರ. ಅದು ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ದಾರಿಯಲ್ಲಿ ಹೋಗುತ್ತದೆ. ಕೆಳಗೆ ಮೂಳೆ, ಮೇಲೆ ಗಟ್ಟಿ ಪಟ್ಟಿ, ಮಧ್ಯೆ ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳು, ಅವುಗಳ ಜೊತೆ ಈ ನರ. ಅಡಿಕೆ ಬಿಗಿಯಾಗಿ ಹಿಡಿದು ಕತ್ತಿಗೆ ಒತ್ತಿ ಮಣಿಕಟ್ಟು ತಿರುಗಿಸುವ ಕೆಲಸವನ್ನು ಗಂಟೆಗಟ್ಟಲೆ ಮಾಡಿದರೆ ಆ ರಜ್ಜುಗಳ ಸುತ್ತಲಿನ ಪೊರೆ ದಪ್ಪವಾಗುತ್ತದೆ. ಜಾಗ ಇನ್ನೂ ಕಮ್ಮಿಯಾಗುತ್ತದೆ. ಹಗಲು ಕೈ ಆಡುತ್ತಾ ಇರುತ್ತದೆ, ಅದಕ್ಕೇ ಅಷ್ಟು ಗೊತ್ತಾಗುವುದಿಲ್ಲ. ರಾತ್ರಿ ನಾವು ಮಣಿಕಟ್ಟು ಮಡಚಿ ಕೆನ್ನೆಯ ಕೆಳಗೋ ಗದ್ದದ ಕೆಳಗೋ ಇಟ್ಟುಕೊಂಡು ಗಂಟೆಗಟ್ಟಲೆ ಹಾಗೇ ಬಿದ್ದಿರುತ್ತೇವೆ. ಮಡಚಿದಾಗ ಒಳಗಿನ ಒತ್ತಡ ಏರುತ್ತದೆ, ನರ ಮುನಿಸಿಕೊಳ್ಳುತ್ತದೆ. ಇದಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್ ಅನ್ನುತ್ತಾರೆ. ರಾತ್ರಿ ಎದ್ದು ಕೈ ಕೊಡವಿದೆ ಅಂದರಲ್ಲ, ಅದನ್ನು ಕೇಳಿದ ಕೂಡಲೇ ಡಾಕ್ಟರುಗಳಿಗೂ ಮೊದಲು ಅನುಮಾನ ಬರುವುದು ಇದರ ಮೇಲೆಯೇ.

ಹಗಲು ಇನ್ನೊಂದು ಪರೀಕ್ಷೆ ಮಾಡಬಹುದು. ನಮಸ್ಕಾರ ಮಾಡುವುದನ್ನು ಉಲ್ಟಾ ಮಾಡಿ. ಎರಡೂ ಕೈಗಳ ಹಿಂಭಾಗ ಒಂದಕ್ಕೊಂದು ತಾಗಿಸಿ, ಬೆರಳು ನೆಲದ ಕಡೆಗೆ, ಎದೆಯ ಮುಂದೆ. ಒಂದು ನಿಮಿಷ ಹಾಗೇ ಹಿಡಿಯಿರಿ. ಅಷ್ಟರೊಳಗೆ ಅದೇ ಬೆರಳುಗಳಲ್ಲಿ ಜುಮ್ ಅಂದರೆ ಅನುಮಾನ ಇನ್ನೂ ಗಟ್ಟಿ.

ಎದೆ ಮೇಲೆ ಕೈ ಇಟ್ಟು ಮಲಗುವ ವಿಷಯದಲ್ಲಿ ಅತ್ತೆಯವರ ಮಾತು ಪೂರ್ತಿ ಸುಳ್ಳಲ್ಲ. ಎದೆಯದೇನೂ ತಪ್ಪಿಲ್ಲ, ಅಲ್ಲಿ ಇಟ್ಟಾಗ ಮಣಿಕಟ್ಟು ಮಡಚಿರುತ್ತದೆ ಅಷ್ಟೇ.

ಹಾರ್ಟ್ ಭಯಕ್ಕೆ ಉತ್ತರ: ಕೊಡವಿದರೆ ಹೋಗುವ ಜೋಮು, ಅದೂ ಎರಡೂ ಕೈಗೆ, ರಾತ್ರಿ ಮಾತ್ರ ಅಂದರೆ ಹೃದಯದ ಲಕ್ಷಣದ ಹಾಗೆ ಕಾಣುವುದಿಲ್ಲ. ಎದೆ ಹಿಂಡಿದ ಹಾಗಾಗಿ ಬೆವರು ಬಂದು ಎಡಗೈಗೆ ನೋವು ಇಳಿದರೆ ಅದು ಬೇರೆ. ಹಾಗೇ ಒಂದೇ ಕಡೆಯ ಕೈಕಾಲಿನ ಬಲ ಇದ್ದಕ್ಕಿದ್ದಂತೆ ಹೋಗುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು. ಅವೆರಡರಲ್ಲೂ ಬೆಳಗಾಗಲಿ ಅಂತ ಕಾಯಬಾರದು, 108ಕ್ಕೆ ಫೋನ್ ಮಾಡಬೇಕು. ಪಾರ್ಶ್ವವಾಯುವಿಗೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು, ಲಕ್ಷಣ ಶುರುವಾದ ಮೇಲೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಸಮಯ ಇರುತ್ತದೆ.

ವೈಟ್‌ಫೀಲ್ಡ್ ವಾಸಿ:

ನನ್ನದು ಉಲ್ಟಾ ಕೇಸ್. ಕಿರುಬೆರಳು, ಉಂಗುರ ಬೆರಳು ಮಾತ್ರ ಜೋಮು, ಮಿಕ್ಕ ಮೂರು ಆರಾಮ. ದಿನವಿಡೀ ಮೇಜಿನ ಅಂಚಿಗೆ ಮೊಣಕೈ ಊರಿ ಲ್ಯಾಪ್‌ಟಾಪ್, ರಾತ್ರಿ ಮಗ್ಗುಲಾಗಿ ಮಲಗಿ ಮುಖದ ಹತ್ತಿರ ಮೊಬೈಲ್. ಹಾಗೇ ಕೈ ಮಡಚಿಕೊಂಡೇ ನಿದ್ದೆ. ಸಿಕ್ಕಿಬಿದ್ದಿದ್ದು ಮೊಣಕೈಯಲ್ಲಿ, ಗೋಡೆಗೆ ತಾಗಿದರೆ ಕರೆಂಟ್ ಹೊಡೆದ ಹಾಗಾಗುತ್ತಲ್ಲ, ಅದೇ ನರ. ಅಲ್ನಾರ್ ಅಂತಾರೆ. ಡಾಕ್ಟರ್ ಹೇಳಿದ್ದು ಸಿಂಪಲ್: ಹಳೇ ಟವೆಲನ್ನು ಮೊಣಕೈಗೆ ದಪ್ಪಗೆ ಸುತ್ತಿ, ಬಿಗಿ ಮಾಡದೆ ಟೇಪ್ ಹಚ್ಚಿ ಮಲಗಿ, ಕೈ ಪೂರ್ತಿ ಮಡಚಲು ಆಗಬಾರದು. ಹೆಂಡತಿ ನಕ್ಕಿದ್ದೇ ನಕ್ಕಿದ್ದು. ಆದರೆ ಕೆಲವು ವಾರದಲ್ಲಿ ಕಮ್ಮಿಯಾಯಿತು. ಮೊಬೈಲ್ ಈಗ ಹಾಲ್‌ನಲ್ಲಿ ಚಾರ್ಜಿಗೆ ಇರುತ್ತದೆ.

ಟೀಚರ್, ಒಂದು ಡೌಟ್. ಕುತ್ತಿಗೆಯಿಂದಲೂ ಬರುತ್ತದೆ ಅಂತಾರಲ್ವಾ?

ಫಿಸಿಯೋ ಟೀಚರ್:

ಬರುತ್ತದೆ. ಕುತ್ತಿಗೆಯಲ್ಲಿ ನರದ ಬೇರು ಒತ್ತಿದ್ದರೆ ಸಾಮಾನ್ಯವಾಗಿ ನೋವು ಕುತ್ತಿಗೆ ಅಥವಾ ಹೆಗಲಿನಿಂದ ಶುರುವಾಗಿ ತೋಳಿನ ಉದ್ದಕ್ಕೂ ಇಳಿಯುತ್ತದೆ. ಕತ್ತು ಹಿಂದಕ್ಕೆ ಬಾಗಿಸಿ ಅದೇ ಕಡೆ ತಿರುಗಿಸಿದರೆ ಜಾಸ್ತಿ, ಕೈ ಎತ್ತಿ ತಲೆಯ ಮೇಲೆ ಇಟ್ಟುಕೊಂಡರೆ ಕಮ್ಮಿ. ಕೆಲವರಿಗೆ ಮಣಿಕಟ್ಟಿನದು, ಕುತ್ತಿಗೆಯದು ಎರಡೂ ಒಟ್ಟಿಗೆ ಇರುತ್ತವೆ, ಆಗ ನಮಗೂ ತಲೆನೋವು. ಆದರೆ ಕುತ್ತಿಗೆಯ ಎಂಆರ್‌ಐ ಮೊದಲೇ ಮಾಡಿಸಲು ಓಡಬೇಡಿ. ನಲವತ್ತು ದಾಟಿದ ಎಷ್ಟೋ ಜನರ ಕುತ್ತಿಗೆಯಲ್ಲಿ, ತೊಂದರೆ ಏನೂ ಇಲ್ಲದಿದ್ದರೂ, ಡಿಸ್ಕ್ ಸವೆದಿರುವುದು ಕಾಣಿಸುತ್ತದೆ. ರಿಪೋರ್ಟ್ ನೋಡಿ ಹೆದರಿಕೊಳ್ಳುವುದಷ್ಟೇ ಲಾಭ.

ನಿವೃತ್ತ ಮೇಷ್ಟ್ರು:

ನನಗೆ 63. ಸಕ್ಕರೆ ಕಾಯಿಲೆ, ಅದಕ್ಕೆ ಮೆಟ್‌ಫಾರ್ಮಿನ್ ಮಾತ್ರೆ ಬಹಳ ವರ್ಷದಿಂದ. ನನಗೆ ಜೋಮು ಶುರುವಾಗಿದ್ದು ಕೈಗಲ್ಲ, ಎರಡೂ ಪಾದಕ್ಕೆ. ಒಂದು ದಿನ ಅಂಗಡಿಯಿಂದ ಮನೆಗೆ ಬಂದು ನೋಡಿದರೆ ಒಂದು ಕಾಲಿನ ಚಪ್ಪಲಿ ಇಲ್ಲ. ಬಿದ್ದಿದ್ದೇ ಗೊತ್ತಾಗಿಲ್ಲ. ಆಮೇಲೆ ಬೆರಳುಗಳಿಗೂ ಬಂತು, ರಾತ್ರಿ ಮಾತ್ರ ಅಂತಿಲ್ಲ, ಯಾವಾಗಲೂ. ರಕ್ತ ಪರೀಕ್ಷೆಯಲ್ಲಿ ಬಿ12 ವಿಟಮಿನ್ 140 ಬಂತು, 200ಕ್ಕಿಂತ ಕೆಳಗಿದ್ದರೆ ಕಮ್ಮಿ ಅಂತ ಲೆಕ್ಕ. ನಾವು ಮಾಂಸ ಮೊಟ್ಟೆ ತಿನ್ನುವವರಲ್ಲ, ಜೊತೆಗೆ ಮೆಟ್‌ಫಾರ್ಮಿನ್ ಬೇರೆ ಬಿ12 ಇಳಿಸುತ್ತದಂತೆ. ಗ್ಯಾಸ್ಟ್ರಿಕ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೂ ಹಾಗೇ. ತಾಯಿ, ನಿಮಗೆ ಪಾದ ಹೇಗಿದೆ ಅಂತ ಒಮ್ಮೆ ನೋಡಿಕೊಳ್ಳಿ.

ಸಾಗರದ ಕಡೆಯವಳು:

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಪಾದ ಚೆನ್ನಾಗಿದೆ.

ಟೀಚರ್, ಬತ್ತಿ ಪರೀಕ್ಷೆ ಮಾಡಿದೆ. ನೀವು ಹೇಳಿದ ಹಾಗೇ ಇದೆ! ಕಿರುಬೆರಳು ಪೂರ್ತಿ ಸರಿ, ಉಂಗುರ ಬೆರಳು ಅರ್ಧ ಹಾಗೆ ಅರ್ಧ ಹೀಗೆ. ನನಗೇ ನಂಬಿಕೆ ಬರದೆ ನಮ್ಮನೆಯವರನ್ನು ಎಬ್ಬಿಸಿ, ಕಣ್ಣು ಮುಚ್ಚಿಕೊಂಡು ಅವರ ಕೈಯಲ್ಲಿ ಮತ್ತೆ ಮಾಡಿಸಿದೆ. ಅದೇ ಉತ್ತರ. ಉಲ್ಟಾ ನಮಸ್ಕಾರದಲ್ಲಿ ಅರ್ಧ ನಿಮಿಷಕ್ಕೇ ಜುಮ್ ಅಂತು.

ಈಗ ಏನು ಮಾಡಲಿ? ಸುಗ್ಗಿ ಮುಗಿಯಲು ಇನ್ನೂ ಸಮಯ ಇದೆ, ಕೆಲಸ ಬಿಡುವ ಹಾಗಿಲ್ಲ. ಇನ್ನೊಂದು, ನಮ್ಮ ಅಮ್ಮನಿಗೆ ಥೈರಾಯ್ಡ್ ಇದೆ. ಈಚೆಗೆ ನನಗೂ ಮೈ ಭಾರ, ಕೂದಲು ಉದುರುವುದು. ಅದಕ್ಕೂ ಇದಕ್ಕೂ ಸಂಬಂಧ ಉಂಟಾ?

ಫಿಸಿಯೋ ಟೀಚರ್:

ಉಂಟು. ಥೈರಾಯ್ಡ್ ಕಮ್ಮಿಯಾದರೆ ಮಣಿಕಟ್ಟಿನ ಆ ದಾರಿಯಲ್ಲೂ ಊತ ಬರುತ್ತದೆ. ಸಕ್ಕರೆ ಕಾಯಿಲೆ, ಸಂಧಿವಾತ, ಗರ್ಭಿಣಿಯಾಗಿರುವಾಗ, ಆಗಲೂ ಹಾಗೇ. ಬಸುರಿಯರದ್ದು ಹೆಚ್ಚಾಗಿ ಹೆರಿಗೆಯ ನಂತರ ತಾನೇ ಹೋಗುತ್ತದೆ. ನೀವು ರಕ್ತ ಪರೀಕ್ಷೆಯಲ್ಲಿ ಥೈರಾಯ್ಡಿಗೆ ಟಿಎಸ್‌ಎಚ್, ಸಕ್ಕರೆಗೆ ಎಚ್‌ಬಿಎ1ಸಿ, ಜೊತೆಗೆ ಬಿ12, ಮೂರನ್ನೂ ಒಟ್ಟಿಗೆ ಮಾಡಿಸಿ. ಥೈರಾಯ್ಡ್ ಇದ್ದರೆ ಅದಕ್ಕೆ ಮಾತ್ರೆ ಶುರು ಮಾಡದೆ ಬರೀ ಕೈಗೆ ಚಿಕಿತ್ಸೆ ಮಾಡಿ ಪ್ರಯೋಜನ ಇಲ್ಲ.

ಹೋಗಬೇಕಾದ್ದು ಮೂಳೆ ಡಾಕ್ಟರ್ ಅಥವಾ ನರರೋಗ ತಜ್ಞರ ಹತ್ತಿರ. ಅವರಿಗೆ ಬೇಕು ಅನ್ನಿಸಿದರೆ ಎನ್‌ಸಿಎಸ್ ಬರೆಯುತ್ತಾರೆ. ಸಣ್ಣ ಕರೆಂಟ್ ಕೊಟ್ಟು ನರದಲ್ಲಿ ಅದು ಎಷ್ಟು ವೇಗವಾಗಿ ಹೋಗುತ್ತದೆ ಅಂತ ಅಳೆಯುವ ಪರೀಕ್ಷೆ. ಚುರುಕ್ ಅನ್ನುತ್ತದೆ, ಅಷ್ಟೇ. ನಿಮಗೆ ಶಿವಮೊಗ್ಗ ಹತ್ತಿರ.

ಅಲ್ಲಿಯವರೆಗೆ ರಾತ್ರಿ ಮಣಿಕಟ್ಟು ಬಗ್ಗದ ಹಾಗೆ ಹಿಡಿಯುವ ಸ್ಪ್ಲಿಂಟ್ ಹಾಕಿ ಮಲಗಿ. ಅಂಗಡಿಯಲ್ಲಿ ಸಿಗುವ ಎಷ್ಟೋ ಸ್ಪ್ಲಿಂಟ್‌ಗಳ ಒಳಗಿನ ಲೋಹದ ಪಟ್ಟಿ ಕೈಯನ್ನು ಹಿಂದಕ್ಕೆ ಎತ್ತಿ ಹಿಡಿಯುವ ಹಾಗೆ ಬಾಗಿರುತ್ತದೆ. ನಿಮಗೆ ಬೇಕಾದ್ದು ಮಣಿಕಟ್ಟು ನೇರ. ಪಟ್ಟಿಯನ್ನು ಹೊರಗೆ ತೆಗೆದು ಮೊಣಕಾಲ ಮೇಲೆ ಒತ್ತಿ ನೆಟ್ಟಗೆ ಮಾಡಿ ಮತ್ತೆ ಒಳಗೆ ಹಾಕಿ. ಬಿಗಿಯಾಗಿ ಕಟ್ಟಬೇಡಿ, ಬೆರಳುಗಳು ಆಡಬೇಕು. ಮೂರೇ ದಿನ ಹಾಕಿ ಏನೂ ಆಗಲಿಲ್ಲ ಅಂತ ಮೂಲೆಗೆ ಎಸೆಯಬೇಡಿ, ಆರು ವಾರವಾದರೂ ಹಾಕಬೇಕು. ಅದಕ್ಕೂ ಬಗ್ಗದಿದ್ದರೆ ಡಾಕ್ಟರು ಮಣಿಕಟ್ಟಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡಬಹುದು.

ಸುಲಿಯುವುದು ಬಿಡಿ ಅಂತ ನಾನು ಹೇಳಿದರೂ ನೀವು ಕೇಳುವುದಿಲ್ಲ, ಗೊತ್ತು. ಆದರೆ ಒಂದೇ ಸಮನೆ ಕೂರಬೇಡಿ. ಒಂದು ಡಬ್ಬ ತುಂಬಿದ ಮೇಲೆ ಎದ್ದು ಕೈ ಚಾಚಿ, ಬೆರಳು ಬಿಡಿಸಿ. ಕತ್ತಿ ಮೊಂಡಾಗಿದ್ದರೆ ಮೊದಲು ಸಾಣೆ ಹಿಡಿಸಿ, ಮೊಂಡು ಕತ್ತಿಗೆ ದುಪ್ಪಟ್ಟು ಒತ್ತಬೇಕಾಗುತ್ತದೆ.

ಸಾಗರದ ಕಡೆಯವಳು:

ಸ್ಪ್ಲಿಂಟ್ ತರಿಸಿದೆ, ಪಟ್ಟಿ ನೆಟ್ಟಗೆ ಮಾಡಿದ್ದಾಯಿತು. ರಕ್ತ ಕೊಟ್ಟು ಬಂದಿದ್ದೇನೆ.

ಈಗ ಅತ್ತೆಯ ವಿಷಯ. ನನ್ನ ಬತ್ತಿ ಆಟ ನೋಡಿ "ನಂಗೂ ಮಾಡು" ಅಂದರು. ಅವರು ಮದುವೆಯಾಗಿ ಬಂದಾಗಿನಿಂದ ಸುಲಿಯುತ್ತಿದ್ದಾರೆ. ಅವರಿಗೆ ಹಗಲಲ್ಲೇ ಮೂರು ಬೆರಳಿಗೆ ಬತ್ತಿ ಸವರಿದ್ದು ಗೊತ್ತಾಗಲಿಲ್ಲ. ರಾತ್ರಿ ಜೋಮು ಹಿಂದೆ ಇತ್ತಂತೆ, ಈಗ ಇಲ್ಲ, ವಾಸಿಯಾಯಿತು ಅಂದುಕೊಂಡಿದ್ದರು. ರವಿಕೆ ಹುಕ್ಕು ಹಾಕಲು ಆಗುವುದಿಲ್ಲ, ಲೋಟ ಕೈಜಾರುತ್ತದೆ, ವಯಸ್ಸಾಯಿತು ಅಂತ ಸುಮ್ನೆ ಇದ್ದರು. ನನ್ನ ಕೈ ಪಕ್ಕ ಇಟ್ಟು ನೋಡಿದರೆ ಅವರ ಹೆಬ್ಬೆರಳಿನ ಬುಡದ ಮಾಂಸ ಇಳಿದು ಅಲ್ಲಿ ಗುಳಿ ಬಿದ್ದಿದೆ.

ಫಿಸಿಯೋ ಟೀಚರ್:

ಅಕ್ಕ, ಹಾಗಿದ್ದರೆ ಮೊದಲು ಅತ್ತೆಯವರನ್ನು ಕರೆದುಕೊಂಡು ಹೋಗಿ. ಈ ವಾರವೇ. ಅದು ವಾಸಿಯಾಗಿದ್ದಲ್ಲ, ನರ ಸೋತಿದೆ ಅನ್ನಿಸುತ್ತದೆ. ಮಾಂಸ ಇಳಿದ ಮೇಲೆ ಸ್ಪ್ಲಿಂಟ್ ಕಟ್ಟಿಕೊಂಡು ಕಾಯುವ ಹಾಗಿಲ್ಲ. ಆಪರೇಷನ್ ಬೇಕಾ ಅಂತ ಡಾಕ್ಟರೇ ನೋಡಿ ಹೇಳಬೇಕು. ಬೇಕಾದರೂ ಅದು ದೊಡ್ಡದೇನಲ್ಲ, ಕೈಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ನರದ ಮೇಲಿನ ಆ ಗಟ್ಟಿ ಪಟ್ಟಿಯನ್ನು ಕತ್ತರಿಸಿ ಬಿಡುತ್ತಾರೆ, ಹೆಚ್ಚಿನವರು ಅದೇ ದಿನ ಮನೆಗೆ ಬರುತ್ತಾರೆ. ಕರಗಿದ ಮಾಂಸ ಪೂರ್ತಿ ವಾಪಸ್ ಬರುತ್ತದೆ ಅಂತ ಅವರಿಗೆ ಆಸೆ ಹುಟ್ಟಿಸಬೇಡಿ. ಇದ್ದಷ್ಟು ಉಳಿಸಿಕೊಳ್ಳಬಹುದು. ಅಲ್ಲಿಯವರೆಗೆ ಬಿಸಿ ಪಾತ್ರೆ ಇಳಿಸುವ ಕೆಲಸ, ಅಡಿಕೆ ಬೇಯಿಸುವ ಒಲೆಯ ಹತ್ತಿರದ ಕೆಲಸ ಅವರಿಗೆ ಕೊಡಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ಮೆಟ್ಟುಗತ್ತಿಯೂ ಬೇಡ.

ಎನ್‌ಸಿಎಸ್ ಇಬ್ಬರಿಗೂ ಒಂದೇ ದಿನ ಬರೆಸಿಕೊಳ್ಳಿ, ಬಸ್ ಚಾರ್ಜಿನ ಚಿಂತೆಯಂತೂ ಇಲ್ಲ ಅಲ್ವಾ. ಅವತ್ತು ಕೈಗೆ ಎಣ್ಣೆ, ಕ್ರೀಮ್ ಹಚ್ಚಬೇಡಿ, ಬಳೆ ಉಂಗುರ ತೆಗೆದಿಟ್ಟು ಹೋಗಿ. ಅತ್ತೆಯವರಿಗೆ ಪೇಸ್‌ಮೇಕರ್ ಏನಾದರೂ ಇದ್ದರೆ ಮೊದಲೇ ಹೇಳಿಬಿಡಿ.