ಜಿಆರ್‌ಇ ಪ್ರಬಂಧಕ್ಕೆ ಬೇರೆ ಕ್ಲಾಸ್ ಬೇಕಾ? ಬರೆದವರು ಹೇಳಿ

ಹಾವೇರಿ ಲೆಕ್ಕದವಳು: ಬಿ.ಕಾಂ. ಮುಗಿಸಿ ಹುಬ್ಬಳ್ಳಿಯ ಒಂದು ಆಡಿಟ್ ಆಫೀಸಿನಲ್ಲಿ ಇದ್ದೇನೆ. ಹೊರದೇಶದ ಎಂಬಿಎಗೆ ಜಿಆರ್‌ಇ ಪ್ರವೇಶ ಪರೀಕ್ಷೆ ಬರೆಯುವ ವಿಚಾರ ಇದೆ. ಗಣಿತದ ಭಯ ಇಲ್ಲ, ಪ್ರಬಂಧದ್ದೇ ಭಯ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ. ಒಂದು ಕ್ಲಾಸಿನವರು ಬರೀ ಪ್ರಬಂಧಕ್ಕೆ 9,000 ಕೇಳುತ್ತಿದ್ದಾರೆ. ಕೊಡಬೇಕಾ? ಮನೆಯಲ್ಲೇ ಓದಿ ಬರೆದವರು ಇದ್ದೀರಾ?

ವಿದ್ಯಾನಗರದವ: ಕೊಡಬೇಡಿ. ನಾನು ಕೊಟ್ಟವನು, ಅದಕ್ಕೇ ಹೇಳುತ್ತಿದ್ದೇನೆ. ಫೀ 18,500. ಪುಸ್ತಕಕ್ಕೆ 1,450. ನೋಟ್ಸ್ ಜೆರಾಕ್ಸ್ 380, ಅದರಲ್ಲೂ ನಡುವಿನ ಪುಟಗಳು ತಲೆಕೆಳಗು. ಆಮೇಲೆ ಪ್ರಬಂಧ ತಿದ್ದುವುದಕ್ಕೆ ಒಂದೊಂದಕ್ಕೆ 150 ಬೇರೆ. ತಿದ್ದುವುದು ಅಂದರೆ ಕೆಳಗೆ 'ಗುಡ್' ಅಂತ ಬರೆದು ಸಹಿ ಹಾಕುವುದು, ಅಷ್ಟೇ. ಇಷ್ಟಾಗಿ ಕಲಿಸಿದ್ದು ಏನು ಗೊತ್ತಾ? ಯಾರದೋ ವಾದ ಕೊಟ್ಟು ಅದರಲ್ಲಿ ಲೋಪ ಹುಡುಕುವ ಪ್ರಬಂಧ. ಅದನ್ನು ಜಿಆರ್‌ಇಯಿಂದ 2023ರ ಸೆಪ್ಟೆಂಬರ್ 22ಕ್ಕೇ ತೆಗೆದಿದ್ದಾರೆ. ಈಗ ಉಳಿದಿರುವುದು ಒಂದೇ ಪ್ರಬಂಧ, ಒಂದು ವಿಷಯದ ಮೇಲೆ ನಮ್ಮ ನಿಲುವು ಏನು ಅಂತ ಬರೆಯುವುದು, 30 ನಿಮಿಷ. ನಾನು ಆ ಕ್ಲಾಸಿಗೆ ಸೇರಿದ್ದು 2024ರಲ್ಲಿ! ಕೇಳಿದರೆ 'ಬೇಸಿಕ್ಸ್ ಗಟ್ಟಿ ಆಗುತ್ತೆ ಬಿಡ್ರಿ' ಅಂದರು. ದುಡ್ಡು ವಾಪಸ್ ಕೇಳಲು ಹೋದರೆ ಮ್ಯಾನೇಜರ್ ಊರಲ್ಲಿಲ್ಲ. ಇವತ್ತಿಗೂ ಊರಲ್ಲಿಲ್ಲ.

ಹಳೇ ಜಿಮ್ಯಾಟ್: ಜಿಆರ್‌ಇ ಯಾಕೆ ಬೇಕು? ಎಂಬಿಎಗೆ ನಡೆಯುವ ಇನ್ನೊಂದು ಪರೀಕ್ಷೆ ಜಿಮ್ಯಾಟ್ ಬರೆಯಿರಿ, ಅದರಲ್ಲಿ ಈಗ ಪ್ರಬಂಧವೇ ಇಲ್ಲ. ಮೂರು ಭಾಗ, ಒಂದೊಂದಕ್ಕೆ 45 ನಿಮಿಷ, ಮುಗೀತು. ಹಳೇ ಮಾದರಿ 2024ರ ಜನವರಿ 31ಕ್ಕೆ ನಿಂತಿತು. ನಾನು ಅದಕ್ಕೂ ಮೊದಲೇ ಬರೆದವನು, ನಮಗೆ ಪ್ರಬಂಧ ಇತ್ತು. ಆಗ ದಿನಾ ರಾತ್ರಿ ಊಟ ಬಿಟ್ಟು ಟೈಪ್ ಮಾಡಿದ್ದೇನೆ, ಈಗಿನವರಿಗೆ ಎಲ್ಲ ಸಲೀಸು. ನಾನು ಬೆವರು ಸುರಿಸಿ ಆರಕ್ಕೆ 5.5 ತಗೊಂಡೆ, ಅವರು ಆ ಭಾಗವನ್ನೇ ಕಿತ್ತು ಬಿಸಾಡಿದರು.

ಸಪ್ತಾಪುರ ರೂಮು: ಕ್ಲಾಸು ಗೀಸು ಬೇಡ ರೀ ಅಕ್ಕಾರ. ನಾನು ಧಾರವಾಡಕ್ಕೆ ಬಂದಿದ್ದು ಕೆಎಎಸ್ ಓದಲು. ಸಪ್ತಾಪುರದ ರೂಮಿನಲ್ಲಿ ಮೂವರು, ಬಾಡಿಗೆ ತಲಾ 2,300, ಖಾನಾವಳಿ 2,800, ಲೈಬ್ರರಿ ಕುರ್ಚಿಗೆ 700. ಅಲ್ಲಿ ಕನ್ನಡದಲ್ಲಿ ಪ್ರಬಂಧ ಬರೆದೂ ಬರೆದೂ ಕೈ ಪಳಗಿತ್ತು. ಜಿಆರ್‌ಇಗೂ ಅದೇ ಕೆಲಸಕ್ಕೆ ಬಂತು. ಪರೀಕ್ಷೆಗೆ ಬರುವ ವಿಷಯಗಳ ಪೂರ್ತಿ ಪಟ್ಟಿಯನ್ನು ಜಿಆರ್‌ಇ ನಡೆಸುವ ಇಟಿಎಸ್‌ನವರೇ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಹಾಕಿದ್ದಾರೆ. ಅದನ್ನು ಬಾಯಿಪಾಠ ಮಾಡಲು ಆಗಲ್ಲ, ಮಾಡಲೂಬಾರದು. ನಾನು ಶಿಕ್ಷಣ, ಸರ್ಕಾರ, ತಂತ್ರಜ್ಞಾನ, ನಗರ ಅಂತ ಗುಂಪು ಮಾಡಿ, ಒಂದೊಂದಕ್ಕೆ ನಮ್ಮ ಕಡೆಯ ಉದಾಹರಣೆ ಹುಡುಕಿ ಇಟ್ಟುಕೊಂಡೆ. ಜನ ತಾವೇ ಕೂಡಿ ಮಾಡಿದ ಕೆಲಸಕ್ಕೆ ಗದಗ ಹತ್ತಿರದ ಕಣಗಿನಹಾಳ. 1905ರಲ್ಲಿ ಅಲ್ಲಿ ಶುರುವಾದ ಸಹಕಾರಿ ಸಂಘ ದೇಶದ ಮೊಟ್ಟಮೊದಲ ಸಂಘಗಳಲ್ಲಿ ಒಂದು. ಸರ್ಕಾರದ ದುಡ್ಡು ಎಲ್ಲಿ ಹೋಗಬೇಕು ಅಂದರೆ ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ದಾರಿಯಲ್ಲಿ ಓಡುವ ನಮ್ಮ ಚಿಗರಿ ಬಸ್ಸು. ಎಲ್ಲರೂ ಬರೆಯುವ ಐನ್‌ಸ್ಟೀನ್ ಎಡಿಸನ್ ಓದಿ ಓದಿ ತಿದ್ದುವವರಿಗೂ ಬೇಜಾರಾಗಿರುತ್ತೆ. ನನಗೆ ಆರಕ್ಕೆ 4.5 ಬಂತು, ಖರ್ಚು ಸೊನ್ನೆ.

ವಿದ್ಯಾನಗರದವ: ರೂಮು, ಖಾನಾವಳಿ, ಲೈಬ್ರರಿ ಎಲ್ಲ ಬರೆದು ಖರ್ಚು ಸೊನ್ನೆ ಅಂತೀರಲ್ಲ, ಯಾವ ಲೆಕ್ಕ ಇದು? ಮತ್ತೆ ಚಿಗರಿ ಉದಾಹರಣೆ ಕೊಟ್ಟಿರಿ ಸರಿ. ಬಸ್ಸು ತನ್ನ ದಾರಿಯಲ್ಲಿ ಸುಯ್ಯಂತ ಹೋಗುತ್ತೆ, ಪಕ್ಕದಲ್ಲಿ ಬೈಕಿನವರು ಗಂಟೆಗಟ್ಟಲೆ ನಿಲ್ಲುತ್ತಾರೆ. ಅದನ್ನೂ ಬರೆದಿರಾ?

ಸಪ್ತಾಪುರ ರೂಮು: ಬರೆದೆ. ಎರಡೂ ಕಡೆ ಬರೆದಿದ್ದಕ್ಕೇ 4.5. ಯಾವ ಸಂದರ್ಭದಲ್ಲಿ ಈ ಮಾತು ನಿಲ್ಲಲ್ಲ ಅಂತಲೂ ಯೋಚಿಸಿ ಬರೆಯಿರಿ ಅಂತ ಪ್ರಶ್ನೆಯ ಕೆಳಗೇ ಸೂಚನೆ ಇರುತ್ತೆ. ಓದಬೇಕಲ್ಲ?

ಬೆಟಗೇರಿ ಟೀಚರ್: ಕಣಗಿನಹಾಳ ನಮ್ಮ ಪಕ್ಕದ ಊರು, ನೋಡಿ ಖುಷಿ ಆಯಿತು. ನನ್ನ ಕಥೆ ಬೇರೆ. ನಾನು ಮನೆಯಲ್ಲೇ ಕೂತು ಪರೀಕ್ಷೆ ಬರೆದೆ. ಕೋಣೆಯಲ್ಲಿ ಒಬ್ಬರೇ ಇರಬೇಕು, ಬಾಗಿಲು ಹಾಕಿರಬೇಕು, ಬರೆದುಕೊಳ್ಳಲು ಪೇಪರ್ ಇಲ್ಲ, ಅಳಿಸುವ ಬೋರ್ಡ್ ಬೇಕು. ಬೋರ್ಡಿಗೆ 240, ಕ್ಯಾಮೆರಾ 1,900. ಕರೆಂಟಿನ ಭರವಸೆ ಇಲ್ಲ ಅಂತ ಇನ್ವರ್ಟರ್ ಲೈನ್ ಎಳೆಸಿದೆ, 2,200. ವೈರಿಂಗ್ ಮಾಡಿದವನು ಫ್ಯಾನು, ಲೈಟು ಎಲ್ಲ ಕೊಟ್ಟು ರೌಟರಿನ ಪ್ಲಗ್ ಒಂದನ್ನು ಬಿಟ್ಟಿದ್ದ! ಪ್ರಬಂಧ ಯಾವಾಗಲೂ ಮೊದಲೇ ಬರುತ್ತೆ. ಕರೆಂಟ್ ಹೋಗಿದ್ದೂ ಸರಿಯಾಗಿ ಆಗಲೇ. ತಲೆ ಮೇಲೆ ಫ್ಯಾನ್ ತಿರುಗುತ್ತಿದೆ, ಇಂಟರ್ನೆಟ್ ಸತ್ತಿದೆ. ಮತ್ತೆ ಒಳಗೆ ಬರುವಷ್ಟರಲ್ಲಿ ಎರಡನೇ ಪ್ಯಾರಾ ತಲೆಯಿಂದ ಹಾರಿಹೋಗಿತ್ತು. ಮುಗಿದ ಕೂಡಲೇ ಗಣಿತ, ಇಂಗ್ಲಿಷಿನ ಅಂಕ ಪರದೆ ಮೇಲೆ ತೋರಿಸಿದರು, ಪ್ರಬಂಧದ್ದು ಇಲ್ಲ. ಅದಕ್ಕೆ ವಾರದ ಮೇಲೆ ಕಾಯಬೇಕು. ಬಂದಿದ್ದು 3.5. ಆದರೂ ಸೀಟು ಸಿಕ್ಕಿತು. ಪ್ರಬಂಧದ ಅಂಕವನ್ನು ಯಾರೂ ಅಷ್ಟಾಗಿ ನೋಡಲ್ಲ.

ಹಳೇ ಜಿಮ್ಯಾಟ್: 3.5 ಬಂದವರೆಲ್ಲ 'ಯಾರೂ ನೋಡಲ್ಲ' ಅಂತಲೇ ಹೇಳುತ್ತಾರೆ.

ಬೆಟಗೇರಿ ಟೀಚರ್: ನಿಮ್ಮ 5.5 ಇಟ್ಟುಕೊಂಡು ಈಗ ಎಲ್ಲಿದ್ದೀರಿ ಸರ್? ಜಿಮ್ಯಾಟ್ ಅಂಕ ಐದು ವರ್ಷ ಮಾತ್ರ ನಡೆಯುತ್ತೆ, ನಿಮ್ಮದು ಇನ್ನೂ ಜೀವಂತ ಇದೆಯಾ?

ಹಳೇ ಜಿಮ್ಯಾಟ್: ನಾನು ಎಲ್ಲಿದ್ದೇನೆ ಅನ್ನೋದು ಇಲ್ಲಿ ಮುಖ್ಯ ಅಲ್ಲ.

ವಿದ್ಯಾನಗರದವ: ಅಂದರೆ ಹೋಗಲೇ ಇಲ್ಲ 😄

ಟ್ಯಾಲಿ ಕೈ: ಒಂದು ಮಾತು ಯಾರೂ ಹೇಳಲಿಲ್ಲ. ಲೆಕ್ಕದವರಾದ ನಮಗೆ ನಂಬರ್ ಪ್ಯಾಡ್ ಮೇಲೆ ಬೆರಳು ಕುದುರೆ ಓಡಿದಂತೆ ಓಡುತ್ತವೆ, ಅಕ್ಷರದ ಕಡೆ ಬಂದರೆ ಹುಡುಕಿ ಹುಡುಕಿ ಒತ್ತುತ್ತೇವೆ. ಅಲ್ಲಿ ಕಾಗುಣಿತ ತಿದ್ದುವ ಸೌಲಭ್ಯ ಇಲ್ಲ, ತಪ್ಪಿಗೆ ಕೆಂಪು ಗೆರೆ ಬರಲ್ಲ. ಕತ್ತರಿಸಿ ಅಂಟಿಸಬಹುದು, ಅಷ್ಟೇ. ನಾನು ಹುಬ್ಬಳ್ಳಿಯ ಒಂದು ಟೈಪಿಂಗ್ ಕ್ಲಾಸಿಗೆ ತಿಂಗಳಿಗೆ 600 ಕೊಟ್ಟು ಇಂಗ್ಲಿಷ್ ಟೈಪಿಂಗ್ ಕಲಿತೆ. ಅದರ ಮುಂದೆ ಪ್ರಬಂಧದ ಕ್ಲಾಸು ದಂಡ. ಕೊನೆಯ ಐದು ನಿಮಿಷ ಬರೀ ಅಕ್ಷರ ತಪ್ಪು ನೋಡಲು ಇಡಿ. ಒಬ್ಬ ಮನುಷ್ಯನೂ ಒಂದು ಯಂತ್ರವೂ ಓದಿ ಅಂಕ ಹಾಕುತ್ತವೆ. ಇಬ್ಬರಿಗೂ ಹೊಂದದಿದ್ದರೆ ಇನ್ನೊಬ್ಬರು ಓದುತ್ತಾರೆ.

ಸಪ್ತಾಪುರ ರೂಮು: ಹುಬ್ಬಳ್ಳಿಯಲ್ಲಿ 600ಕ್ಕೆ ಟೈಪಿಂಗಾ? ಧಾರವಾಡದಲ್ಲಿ 450.

ಟ್ಯಾಲಿ ಕೈ: ಹೌದಪ್ಪಾ, ದಿನಾ ಧಾರವಾಡಕ್ಕೆ ಬಂದು ಹೋಗುವ ಚಾರ್ಜು ನೀನು ಕೊಡ್ತೀಯಾ?

ಹಾವೇರಿ ಲೆಕ್ಕದವಳು: ಎಲ್ಲರಿಗೂ ಥ್ಯಾಂಕ್ಸ್ ರೀ. 9,000 ಕೊಡಲ್ಲ, ಟೈಪಿಂಗ್‌ಗೆ ಸೇರುತ್ತೇನೆ. ಉದಾಹರಣೆಗೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ಇಟ್ಟುಕೊಂಡರೆ ನಡೆಯುತ್ತಾ? ಅಪ್ಪ ಅಲ್ಲೇ ದಲಾಲಿ ಅಂಗಡಿಯಲ್ಲಿ ಬರೆಯುತ್ತಾರೆ, ದರದ ಏರಿಳಿತ ನನಗೆ ಗೊತ್ತು.

ಸಪ್ತಾಪುರ ರೂಮು: ಭರ್ಜರಿ ನಡೆಯುತ್ತೆ. ಆದರೆ ಏನು ಬೆಳೆಯುತ್ತಾರೆ, ಯಾಕೆ ದರ ಬೀಳುತ್ತೆ ಅಂತ ಎರಡು ಸಾಲಿನಲ್ಲಿ ಬಿಡಿಸಿ ಹೇಳಿ. ಓದುವವರಿಗೆ ಬ್ಯಾಡಗಿ ಎಲ್ಲಿದೆ ಅಂತ ಗೊತ್ತಿರಲ್ಲ.

ಹಳೇ ಜಿಮ್ಯಾಟ್: ಮತ್ತೊಮ್ಮೆ ಹೇಳುತ್ತೇನೆ, ಜಿಮ್ಯಾಟ್ ಬರೆದರೆ ಇದ್ಯಾವುದೂ ಬೇಕಿಲ್ಲ.

ಬೆಟಗೇರಿ ಟೀಚರ್: ಸರ್, ನಿಮ್ಮನ್ನು ಯಾರೂ ಕೇಳಲಿಲ್ಲ.